ಶೆಟ್ಟರು ಕೂತು ಉಂಡದ್ದು

ನೆರೂಳದಲ್ಲಿ ಯಾರನ್ನು ಬೇಕಾದರೂ ಕೇಳಿ, ಸ್ಟೇಷನ್ನಿನ ಪೂರ್ವಕ್ಕಿರುವ ‘ಶಾಂತಿ ವಿಹಾರ’ದಲ್ಲಿ ಒಮ್ಮೆಯಾದರೂ ಕೂತು ಉಂಡವರೇ. ಬ್ಯಾಂಕಿನವರು, ಕಾಲೇಜಿನವರು, ರಿಕ್ಷಾದವರು, ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಇಳಿಸಿ ಬಂದ ಲಾರಿಯವರು, ಹೀಗೆ ಎಲ್ಲರೂ. ಒಂದು ಮಳೆಗಾಲದಲ್ಲಿ ಎತ್ತೊಂದು ಸಹ ಒಳಗೆ ಬಂದದ್ದುಂಟು (ಅದು ಕೂರಲಿಲ್ಲ, ನಿಂತೇ ಒಂದು ಬುಟ್ಟಿ ಕೊತ್ತಂಬರಿ ಸೊಪ್ಪು ಮುಗಿಸಿ ಹೋಯಿತು). ಆ ಹೋಟೆಲಿನಲ್ಲಿ ಇವತ್ತಿನ ತನಕ ಕೂತು ಊಟ ಮಾಡದ ಮನುಷ್ಯ ಒಬ್ಬರೇ. ಅವರೇ ಅದರ ಮಾಲಿಕರು, ಜಯಶೀಲ ಶೆಟ್ಟರು. ಅವರ ಹೆಂಡತಿ ಜಯಲತಾಳ ಬಾಳಿನ ದೊಡ್ಡ ದುಃಖವೂ ಇದೇ.

ಶೆಟ್ಟರದು ನಿಂತ ಊಟ. ಮಧ್ಯಾಹ್ನದ ರಶ್ ಇಳಿದ ಮೇಲೆ ಗಲ್ಲಾದ ಪಕ್ಕ ಎಡಗೈಯಲ್ಲಿ ಬಟ್ಟಲು ಹಿಡಿದು, ಬಲಗೈಯಲ್ಲಿ ಅನ್ನ ಕಲಸಿ, ಕಣ್ಣನ್ನು ಮಾತ್ರ ಟೇಬಲುಗಳ ಮೇಲಿಟ್ಟು ನುಂಗಿಬಿಡುವರು. ರಾತ್ರಿ ಮನೆಗೆ ಬಂದು ಬಟ್ಟಲಿನ ಮುಂದೆ ಕೂತರೋ, ಅನ್ನ ಬಡಿಸುವಾಗ ಫೋನು ಬರುತ್ತಿತ್ತು. ಗ್ರೈಂಡರಿನ ಬೆಲ್ಟ್ ಹರಿದಿರುತ್ತಿತ್ತು, ಇಲ್ಲವೇ ದೋಸೆ ಹೊಯ್ಯುವವನು ಹೇಳದೆ ಕೇಳದೆ ಊರಿನ ಬಸ್ಸು ಹತ್ತಿರುತ್ತಿದ್ದ. ಫೋನು ಬಾರದ ದಿನ ಶೆಟ್ಟರೇ ಗಾಬರಿಯಾಗಿ ‘ಯಾಕೆ ಫೋನು ಬರಲಿಲ್ಲ?’ ಎಂದು ನೋಡಿಬರಲು ಹೋಗುತ್ತಿದ್ದರು.

ಮದುವೆ ಮುಂಜಿಗೆ ಹೋದರೂ ಅಷ್ಟೇ. ಜೂಯಿನಗರದ ಹಾಲಿನಲ್ಲಿ ಯಾರದೋ ಮದುವೆ, ಇವರು ಬರೀ ಅತಿಥಿ. ಆದರೆ ಎರಡನೇ ಪಂಕ್ತಿಗೆ ಸಾರು ತಡವಾಯಿತೆಂದರೆ ಸಾಕು, ಎಲೆಯ ಮುಂದಿನಿಂದ ಎದ್ದವರು ಮತ್ತೆ ಕಾಣಿಸಿಕೊಳ್ಳುವಾಗ ಕೈಯಲ್ಲಿ ಸಾರಿನ ಬಕೆಟ್ಟು ಇರುತ್ತಿತ್ತು. ಅಷ್ಟೇಕೆ, ಸ್ವಂತ ಮದುವೆಯಲ್ಲಿ ಧಾರೆ ಮುಗಿದು ಊಟಕ್ಕೆ ಕೂರಿಸಿದಾಗ ಮದುಮಗ ಎದ್ದು, ಪಾಯಸ ಕೊನೆಯ ಸಾಲಿಗೆ ಮುಟ್ಟಿತೋ ಇಲ್ಲವೋ ಎಂದು ನೋಡಲು ಹೋಗಿದ್ದರು. ಆಲ್ಬಮ್ಮಿನಲ್ಲಿ ಆ ಫೋಟೋ ಈಗಲೂ ಇದೆ. ಎರಡು ಎಲೆ, ಒಬ್ಬಳೇ ಮದುಮಗಳು.

ಹಾಗಾಗಿ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಮಗಳು ಪ್ರಣೀತಾ ಸಮುದ್ರದ ದಂಡೆಯ ದೊಡ್ಡ ರೆಸಾರ್ಟೊಂದರಲ್ಲಿ ಶನಿವಾರ–ಭಾನುವಾರಕ್ಕೆ ರೂಮು ಬುಕ್ ಮಾಡಿ ತಂದಾಗ ಜಯಲತಾಳಿಗೆ ಅದರಲ್ಲಿ ರೂಮು ಕಾಣಿಸಲಿಲ್ಲ, ಸಮುದ್ರವೂ ಕಾಣಿಸಲಿಲ್ಲ. ಕಾಣಿಸಿದ್ದು ಒಂದು ಟೇಬಲು, ಎದುರು ಬದುರು ಎರಡು ಕುರ್ಚಿ ಮಾತ್ರ.

“ಶನಿವಾರವಾ?” ಎಂದರು ಶೆಟ್ಟರು, ಯಾರೋ ತೀರಿಹೋದ ಸುದ್ದಿ ಕೇಳಿದ ದನಿಯಲ್ಲಿ. “ಶನಿವಾರ ಎಷ್ಟು ರಶ್ ಉಂಟು ಗೊತ್ತುಂಟಾ ನಿಂಗೆ?”

“ರಶ್ ಇಲ್ಲದ ವಾರ ಯಾವುದು ಹೇಳಿ ನೋಡುವ?”

“ಸೋಮವಾರ ಸ್ವಲ್ಪ…”

“ಸೋಮವಾರ ಉಪವಾಸದವರು ಸಾಬುದಾಣಾ ವಡೆಗೆ ಬರ್ತಾರೆ ಅಂತ ಹೋದ ವರ್ಷ ನನ್ನ ತಮ್ಮನ ಗೃಹಪ್ರವೇಶ ತಪ್ಪಿಸಿದ್ದು ನೀವೇ!”

“ಪಪ್ಪಾ, ಏಕ್ ರಾತ್ ಕೀ ತೋ ಬಾತ್ ಹೈ,” ಎಂದಳು ಪ್ರಣೀತಾ. (ಈ ಹುಡುಗಿಗೆ ತುಳುವಿನಲ್ಲಿ ಬೈದರೂ ಕನ್ನಡದಲ್ಲಿ ಮುದ್ದು ಮಾಡಿದರೂ ಉತ್ತರ ಬರುವುದು ಹಿಂದಿಯಲ್ಲೇ.) “ವಸಂತ್ ಮಾಮಾ ಗಲ್ಲೇ ಪೇ ಬೈಠೇಂಗೇ. ಮೈನೇ ಪೂಛ್ ಲಿಯಾ.” ಒಂದು ರಾತ್ರಿ ಗಲ್ಲಾದಲ್ಲಿ ಕೂರಲು ಸೋದರಮಾವನನ್ನು ಅವಳು ಆಗಲೇ ಒಪ್ಪಿಸಿದ್ದಳು.

ಜಯಲತಾ ಆಗ ತನ್ನ ಷರತ್ತು ಹೇಳಿದಳು. “ನಂಗೆ ಬಂಗಾರ ಬೇಡ, ಸೀರೆ ಬೇಡ. ಅಲ್ಲಿ ನನ್ನ ಎದುರು ಕೂತು ಒಂದು ಊಟ ಮಾಡ್ಬೇಕು. ಸುರುವಿಂದ ಅಖೇರಿ ತನಕ. ಏಳ್ಲಿಕ್ಕಿಲ್ಲ.”

“ಅಷ್ಟು ಹೊತ್ತು ಕೂತು ಮಾಡುದೆಂತ?”

“ಮಾತಾಡುದು.”

“ಎಂತ ಮಾತಾಡುದು?”

ಇಷ್ಟು ವರ್ಷದಲ್ಲಿ ಅವರಿಬ್ಬರೂ ಮಾತಾಡಿದ್ದೆಲ್ಲ ತೆಂಗಿನಕಾಯಿ, ಫೀಸು, ಸಿಲಿಂಡರು, ಅತ್ತೆಯ ಮಂಡಿನೋವು. ಅದರ ಆಚೆಗೂ ಈ ಗಂಡನಲ್ಲಿ ಏನಾದರೂ ಮಾತು ಇದ್ದೀತು, ಕೂತರೆ ಹೊರಗೆ ಬಂದೀತು ಎಂಬ ಒಂದು ಆಸೆ ಅವಳಿಗೆ. ಆ ಆಸೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, “ಎಂತಾದ್ರೂ ಮಾತಾಡಿ, ಕೂತ್ರೆ ಸಾಕು!” ಎಂದು ಗದರಿದಳು.

ಹೀಗೆ ಶನಿವಾರ ಬೆಳಗ್ಗೆ ಶೆಟ್ಟರ ಮಹಾಪ್ರಯಾಣ ಹೊರಟಿತು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಚೀಲದಲ್ಲಿ ಮತ್ತೊಂದಿಷ್ಟು ಬಿಳಿ ಅಂಗಿ, ಕಪ್ಪು ಪ್ಯಾಂಟು. ಮೊಬೈಲನ್ನು ಜಯಲತಾ ತನ್ನ ವ್ಯಾನಿಟಿ ಬ್ಯಾಗಿನ ತಳದಲ್ಲಿ, ವಿಕ್ಸ್ ಡಬ್ಬಿಯ ಕೆಳಗೆ ಬಂಧನದಲ್ಲಿಟ್ಟಳು. ಪನ್ವೇಲ್ ದಾಟಿ, ಪೇಣ್ ದಾಟಿ, ಅಲಿಬಾಗ್ ದಾಟುವ ತನಕ ಶೆಟ್ಟರು ಕಿಟಕಿಯಿಂದ ರಸ್ತೆ ಬದಿಯ ಹೋಟೆಲುಗಳನ್ನು ನೋಡುತ್ತ, “ಬೋರ್ಡು ಸಣ್ಣದಾಯ್ತು,” “ಪಾರ್ಕಿಂಗ್ ಇಲ್ಲದೆ ಇವ ಸತ್ತ,” ಎಂದು ಒಬ್ಬರಾದ ಮೇಲೆ ಒಬ್ಬರಿಗೆ ಸಂತಾಪ ಸೂಚಿಸುತ್ತ ಬಂದರು.

ರೆಸಾರ್ಟಿನ ಗೇಟು ದಾಟಿದ ಮೇಲೆ ಸಂತಾಪ ಸೂಚಿಸಲು ಏನೂ ಸಿಗಲಿಲ್ಲ.

ಒಳಗೆ ಗೋಡೆಗಳೇ ಇರಲಿಲ್ಲ. ಎತ್ತರದ ಮರದ ಮಾಡು, ಅದರ ಕೆಳಗೆ ಕನ್ನಡಿಯಂಥ ನೆಲ, ನೆಲದ ಕೊನೆಯಲ್ಲಿ ನೇರವಾಗಿ ಸಮುದ್ರ. ಜಯಲತಾ ಹುಟ್ಟಿದ್ದು ಕಾಪುವಿನ ಹತ್ತಿರ, ಸಮುದ್ರದ ಸದ್ದು ಕೇಳಿಸುವ ಮನೆಯಲ್ಲಿ. ಅಲ್ಲಿ ಮನೆಗಳೆಲ್ಲ ಸಮುದ್ರಕ್ಕೆ ಬೆನ್ನು ಹಾಕಿಕೊಂಡಿದ್ದವು. ಸಮುದ್ರವೆಂದರೆ ಮೀನು ಬರುವ ಜಾಗ, ಕಬ್ಬಿಣ ತುಕ್ಕು ಹಿಡಿಯುವ ಕಾರಣ, ಮಕ್ಕಳನ್ನು ಹೆದರಿಸುವ ಉಪಾಯ. ಅದನ್ನು ಸುಮ್ಮನೆ ನೋಡಲೆಂದೇ ಯಾರಾದರೂ ಕುರ್ಚಿ ಹಾಕುತ್ತಾರೆಂದು ಅವಳು ಎಣಿಸಿರಲಿಲ್ಲ. ಇಲ್ಲಿ ಸಾಲು ಸಾಲಾಗಿ ಹಾಕಿದ್ದರು, ಒರಗಿಕೊಳ್ಳಲು ದಿಂಬು ಬೇರೆ. ಅದೇ ಅರಬಿ ಸಮುದ್ರ, ಅದೇ ನೀರು. ಆದರೆ ಇಷ್ಟು ನೀಲಿ, ಇಷ್ಟು ದೊಡ್ಡದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ಗಾಳಿಯೆಂದು ಹೇಳಿ ಒರೆಸಿಕೊಂಡಳು.

ಸೀರೆಯುಟ್ಟ ಹುಡುಗಿಯೊಬ್ಬಳು ಕೈಮುಗಿದು ಇಬ್ಬರಿಗೂ ಎಳನೀರಿನ ಬೊಂಡ ತಂದುಕೊಟ್ಟಳು. ಸಿಪ್ಪೆಯನ್ನು ಬೆಳ್ಳಗೆ ಕೆತ್ತಿ, ಬಾಯಿಯ ಸುತ್ತ ಉಪ್ಪು ಸವರಿ, ಮೇಲೆ ಒಂದು ನೇರಳೆ ಹೂವು ಸಿಕ್ಕಿಸಿದ್ದರು. ತವರಿನ ಹಿತ್ತಲಿನಲ್ಲಿ ಬಿದ್ದು ಬಿದ್ದು ಕೊಳೆಯುತ್ತಿದ್ದ ಬೊಂಡಕ್ಕೆ ಇಂಥ ಯೋಗ ಬಂದದ್ದು ನೋಡಿ ಜಯಲತಾ ಮೊದಲು ಅದಕ್ಕೊಂದು ಸಣ್ಣ ನಮಸ್ಕಾರ ಮಾಡಿದಳು.

“ಈ ನೆಲ ಒರೆಸುದು ಹೇಗೆ ಮಾರಾಯ್ತಿ?” ಶೆಟ್ಟರು ಪಿಸುಗುಟ್ಟಿದರು. “ಮುಖ ಕಾಣ್ತದೆ! ನಮ್ಮದರಲ್ಲಿ ಗಂಟೆಗೊಮ್ಮೆ ಒರೆಸಿದ್ರೂ ಸಾಂಬಾರು ಮಾತ್ರ ಕಾಣುದು.”

ಆಚೆಗೆ ಈಜುಕೊಳ. ಅದರ ಆಚೆ ಬದಿಗೆ ದಂಡೆಯೇ ಇಲ್ಲ. ಕೊಳದ ನೀರು ಹಾಗೇ ಹೋಗಿ ಸಮುದ್ರವಾಗುತ್ತಿತ್ತು. ಎಲ್ಲಿ ಮುಗಿದು ಎಲ್ಲಿ ಸುರುವಾಗುತ್ತದೆಂದು ಶೆಟ್ಟರು ಕೈ ಅಡ್ಡ ಹಿಡಿದು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ಗೊತ್ತಾಗಲಿಲ್ಲ. ರೂಮಿನಲ್ಲಿ ಮಂಚದ ಮೇಲೆ ಟವೆಲುಗಳನ್ನು ಮಡಚಿ ಜೋಡಿ ಹಂಸ ಮಾಡಿಟ್ಟಿದ್ದರು. ಅದನ್ನು ಕೆಡಿಸಲು ಮನಸ್ಸು ಬಾರದೆ ಇಬ್ಬರೂ ನೆರೂಳದಿಂದ ತಂದಿದ್ದ ಬೈರಾಸದಲ್ಲೇ ಮುಖ ಒರೆಸಿಕೊಂಡರು. ಮಂಚ ಎಷ್ಟು ಅಗಲವೆಂದರೆ ಆಚೆ ಬದಿಯಲ್ಲಿ ಕೂತವರನ್ನು ಕೂಗಿ ಕರೆಯಬೇಕು. ಇಷ್ಟು ಸುಖ ಮನುಷ್ಯರಿಗೆ ಸಲ್ಲುತ್ತದೆಯೇ ಎಂದು ಜಯಲತಾಳಿಗೆ ಸ್ವಲ್ಪ ಹೆದರಿಕೆಯೂ ಆಯಿತು.

ಮಧ್ಯಾಹ್ನದ ಊಟ ಬುಫೆ. ಬೆಳ್ಳಿಯಂತೆ ಹೊಳೆಯುವ ದೊಡ್ಡ ದೊಡ್ಡ ಪಾತ್ರೆಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ. ಜಯಲತಾ ಕಿಟಕಿಯ ಪಕ್ಕದ ಟೇಬಲು ಹಿಡಿದಳು. ಶೆಟ್ಟರು ಎದುರು ಕೂತರು. ಕೂತೇ ಬಿಟ್ಟರು! ಎರಡು ತುತ್ತು ತಿಂದರು ಕೂಡ. ಆಮೇಲೆ, “ಒಂದು ಹಪ್ಪಳ ತರ್ತೇನೆ, ಅದಕ್ಕೆ ಏಳುದು ಲೆಕ್ಕ ಇಲ್ಲ,” ಎಂದು ಹೋದರು.

ಹಪ್ಪಳದ ಹತ್ತಿರ ಒಂದು ಗುಜರಾತಿ ಕುಟುಂಬ ನಿಂತಿತ್ತು. ಬಿಳಿ ಅಂಗಿ, ಕಪ್ಪು ಪ್ಯಾಂಟು ನೋಡಿದ ಮಾತಾಜಿ, “ಭಾಯ್‌ಸಾಬ್, ದೋ ಗರಮ್ ರೋಟಿ,” ಎಂದರು. ಇಲ್ಲಿ ಶೆಟ್ಟರ ತಪ್ಪು ಏನೂ ಇಲ್ಲವೆಂದೇ ಹೇಳಬೇಕು. ‘ಗರಮ್’ ಎಂಬ ಶಬ್ದ ಕಿವಿಗೆ ಬಿದ್ದರೆ ಅವರ ಕಾಲು ಅವರ ಅಪ್ಪಣೆಗೆ ಕಾಯುವುದಿಲ್ಲ. ರೋಟಿ ತಂದುಕೊಟ್ಟರು. ಪಕ್ಕದವರು ನೀರು ಕೇಳಿದರು. ಅದರ ಪಕ್ಕದವರಿಗೆ ಮಗುವಿನ ಕುರ್ಚಿ ಬೇಕಿತ್ತು. ಜಯಲತಾ ತಲೆಯೆತ್ತಿ ನೋಡುವಾಗ ಅವಳ ಗಂಡ ಎರಡು ಕೈಯಲ್ಲೂ ನೀರಿನ ಜಗ್ಗು ಹಿಡಿದು ಟೇಬಲುಗಳ ನಡುವೆ ಅಡ್ಡಡ್ಡ ತೇಲುತ್ತಿದ್ದರು. ಇನ್ನೊಮ್ಮೆ ನೋಡುವಾಗ ದೋಸೆ ಕೌಂಟರಿನ ಸಾಲು ಸರಿಪಡಿಸುತ್ತಿದ್ದರು. ಮೂರನೆಯ ಸಲ ನೋಡುವಾಗ ಕೌಂಟರಿನ ಒಳಗೇ ಇದ್ದರು.

ಜಯಲತಾ ಇಬ್ಬರ ಊಟವನ್ನು ಒಬ್ಬಳೇ ನೋಡುತ್ತ ಕೂತಳು. ಕಿಟಕಿಯಾಚೆ ಸಮುದ್ರ ಅಷ್ಟೇ ನೀಲಿಯಾಗಿತ್ತು. ಮದುವೆ ಫೋಟೋದ ಎರಡು ಎಲೆ ನೆನಪಾದವು. ಕೊನೆಗೆ ಎದ್ದುಹೋಗಿ, ನಾಲ್ಕು ಜನ ನೋಡುತ್ತಿರುವಂತೆಯೇ, ಗಂಡನ ಕೈಯಿಂದ ಸಟ್ಟುಗ ಕಿತ್ತುಕೊಂಡಳು.

“ಎಂತ ಇದು ನಿಮ್ಮ ಅವತಾರ? ಬನ್ನಿ ಈಚೆ!”

ಅದನ್ನು ಕೇಳಿ, ಟೈ ಕಟ್ಟಿದ ನಡುವಯಸ್ಸಿನ ಕ್ಯಾಪ್ಟನ್ ಓಡಿಬಂದ. ಎದೆಯ ಮೇಲೆ ‘ಹಣಮಂತ್ರಾಯ’ ಎಂಬ ಬಿಲ್ಲೆ. ಕಲಬುರ್ಗಿ ಕಡೆಯವನು. “ಅಯ್ಯ, ಇವರು ಗೆಸ್ಟ್ ಏನ್ರಿ ಅಕ್ಕಾರ? ಹೆಡ್ ಆಫೀಸಿನಿಂದ ಗುಪ್ತ ಇನ್‌ಸ್ಪೆಕ್ಷನ್ನಿಗೆ ಬಂದಾರಂತ ತಿಳಕೊಂಡು ನಾ ಆಗಳಿಂದ ‘ಯೆಸ್ ಸರ್, ಯೆಸ್ ಸರ್’ ಅನ್ನಾಕತ್ತೀನ್ರಿ!” ಎಂದು ಬೆವರು ಒರೆಸಿಕೊಂಡ.

ರೂಮಿಗೆ ಬಂದ ಮೇಲೆ ಯುದ್ಧವಾಯಿತು. ಹಂಸಗಳು ಸಾಕ್ಷಿ.

“ನೀವು ಇಲ್ಲಿ ಗಿರಾಕಿ! ಗಿರಾಕಿಯ ಹಾಗೆ ಇರ್ಲಿಕ್ಕೆ ಬರುದಿಲ್ವಾ ನಿಮ್ಗೆ?”

“ಗಿರಾಕಿ ಅಂದ್ರೆ ಎಂತ ಅಂತ ನಂಗೆ ಹೇಳಿಕೊಡ್ಲಿಕ್ಕೆ ಬರ್ತೀಯಾ? ಇಪ್ಪತ್ತೈದು ವರ್ಷದಿಂದ ಬೇರೆ ಯಾರ ಮುಖ ನೋಡಿದ್ದೇನೆ ನಾನು?”

“ನನ್ನ ಮುಖ ನೋಡ್ಲಿಲ್ಲ, ಅದು ಗೊತ್ತುಂಟು! ನೋಡಿದ್ದು ಸಾಕು. ಇವತ್ತೊಂದು ರಾತ್ರಿ ಗಿರಾಕಿ ಆಗಿ ತೋರಿಸಿ. ಇಲ್ಲದಿದ್ರೆ ನಾನು ಈಗಲೇ ನೆರೂಳಕ್ಕೆ ಬಸ್ಸು ಹಿಡೀತೇನೆ.”

ಅವಳ ದನಿ ಒಡೆದದ್ದು ಶೆಟ್ಟರಿಗೆ ಕೇಳಿಸಿತು. ಅವರು ಮಂಚದ ತುದಿಯಲ್ಲಿ ಕೂತರು. ಆಮೇಲೆ ಅವರ ಮುಖ ನಿಧಾನವಾಗಿ ಬೆಳಗಿತು.

“ಆಯ್ತು. ಗಿರಾಕಿ ಆಗ್ತೇನೆ. ಪೂರ್ತಿ ಗಿರಾಕಿ. ಏಳುದೇ ಇಲ್ಲ.”

ಆ ‘ಪೂರ್ತಿ’ ಎಂಬ ಮಾತಿಗೆ ಜಯಲತಾ ಆಗಲೇ ಹೆದರಬೇಕಿತ್ತು. ಅವಳು ಹಿಗ್ಗಿದಳು. ಕೊಳದ ಪಕ್ಕದ ಅಂಗಡಿಗೆ ಓಡಿಹೋಗಿ, ಮೈತುಂಬ ಹಸಿರು ಗಿಳಿಗಳಿರುವ ಅಂಗಿಯೊಂದನ್ನು ಕೊಂಡು ತಂದಳು. ಗಿಳಿ ಅಂಗಿ ತೊಟ್ಟವನಿಂದ ಯಾರೂ ರೋಟಿ ಕೇಳಲಾರರು.

ಸಂಜೆಯ ಊಟಕ್ಕೆ ಮರಳಿನ ಮೇಲೆಯೇ ಟೇಬಲು ಹಾಕಿದ್ದರು. ಬಿಳಿ ಬಟ್ಟೆ, ಗಾಜಿನೊಳಗೆ ದೀಪ, ನಾಲ್ಕೇ ಹೆಜ್ಜೆ ದೂರದಲ್ಲಿ ಅಲೆ. ಸೂರ್ಯ ಮುಳುಗುವುದರಲ್ಲಿದ್ದ. ನೀರು ಮೊದಲು ಬಂಗಾರವಾಯಿತು, ಆಮೇಲೆ ಕುಂಕುಮದ ಬಣ್ಣವಾಯಿತು. ಸುತ್ತಲಿನ ಟೇಬಲುಗಳಲ್ಲೂ ಮಾತು ನಿಂತು, ಎಲ್ಲರೂ ಒಂದೇ ಕಡೆ ನೋಡಿದರು. ಆ ಬೆಳಕಿನಲ್ಲಿ ಶೆಟ್ಟರು, ಗಿಳಿಗಳ ಸಮೇತ, ಅವಳ ಎದುರು ಕೂತಿದ್ದರು. ಕೈಗಳು ಖಾಲಿ, ಹೆಗಲ ಮೇಲೆ ಒರೆಸುವ ಬಟ್ಟೆಯಿಲ್ಲ. ಕೂದಲು ಇಷ್ಟು ನರೆತದ್ದು ಯಾವಾಗ? ಗಲ್ಲದ ಮೇಲೆ ಆ ಮಚ್ಚೆ ಮೊದಲಿನಿಂದಲೂ ಇತ್ತೇ? ಅವಳಿಗೆ ಸಮುದ್ರ ನೋಡಿದಾಗ ಆದಂತೆಯೇ ಆಯಿತು. ಇಷ್ಟು ದಿನ ಬೆನ್ನು ಹಾಕಿಕೊಂಡೇ ಇದ್ದುಬಿಟ್ಟೆವಲ್ಲ ಎಂದು ಮನಸ್ಸು ಕರಗಿತು.

ಆಗ ಶೆಟ್ಟರು ಚಮಚ ಎತ್ತಿ ಗ್ಲಾಸಿಗೆ ಬಡಿದರು. ಟಿಣ್ ಟಿಣ್ ಟಿಣ್.

“ಏ ಛೋಟು! ಗರಮ್ ಕ್ಯಾ ಹೈ?”

ಜಯಲತಾ ಬೆಚ್ಚಿಬಿದ್ದಳು. ಹಣಮಂತ್ರಾಯನೇ ಮೆನು ಹಿಡಿದು ಬಂದ. ಶೆಟ್ಟರು ಮೊದಲ ಪುಟದಿಂದ ಕೊನೆಯ ಪುಟದ ತನಕ ಒಂದೊಂದನ್ನೂ ಗಟ್ಟಿಯಾಗಿ ಓದಿಸಿ, ಒಂದೊಂದಕ್ಕೂ “ಯೇ ಕೈಸಾ ಹೈ?” ಎಂದು ಕೇಳಿ, ಎಲ್ಲ ಮುಗಿದ ಮೇಲೆ, “ಅಚ್ಛಾ. ಏಕ್ ಟೊಮ್ಯಾಟೋ ಸೂಪ್. ಒನ್ ಬೈ ಟೂ,” ಎಂದರು.

ಅವನು ಅತ್ತ ಹೋದದ್ದೇ ಶೆಟ್ಟರು ಬಗ್ಗಿ ಹೆಂಡತಿಗೆ ಹೇಳಿದರು: “ಇದು ಬೆಳಗ್ಗೆ ವಾಕಿಂಗ್ ಮುಗಿಸಿ ನಮ್ಮ ಹೋಟೆಲಿಗೆ ಬರುವ ಜೋಶಿ ಕಾಕಾ. ಹೇಗೆ ಉಂಟು?”

ಅವಳಿಗೆ ನಗು ತಡೆಯಲಾಗಲಿಲ್ಲ. ತನ್ನ ಗಂಡನಲ್ಲಿ ಇಷ್ಟು ದೊಡ್ಡ ನಟನಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಶೆಟ್ಟರ ಹೊಟ್ಟೆಯಲ್ಲಿ ಜೋಶಿ ಕಾಕಾ ಒಬ್ಬರೇ ಇರಲಿಲ್ಲ. ಇಷ್ಟು ವರ್ಷ ‘ಹೌದು ಸಾಬ್’ ಎಂದು ನುಂಗಿಕೊಂಡ ಎಲ್ಲ ಗಿರಾಕಿಗಳೂ ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು. ನೀರು ಬಂತು, ತಣ್ಣಗಿಲ್ಲ ಎಂದರು. ತಣ್ಣನೆಯದು ಬಂತು, ಹಲ್ಲು ಜುಮ್ಮೆನ್ನುತ್ತದೆ, ಅರ್ಧರ್ಧ ಬೆರೆಸಿ ಎಂದರು. ಫೋರ್ಕನ್ನು ದೀಪಕ್ಕೆ ಹಿಡಿದು ನೋಡಿ, ಕಾಗದದಲ್ಲಿ ತಿಕ್ಕಿ, ಮೂಸಿ, ಬದಲಿಸಲು ಹೇಳಿದರು. ಟೇಬಲು ಅಲುಗುತ್ತದೆಂದು ಕಾಗದ ಮಡಚಿ ಕಾಲಿನ ಕೆಳಗೆ ತುರುಕಿದರು (ಕಾಲು ಮರಳಿನಲ್ಲಿ ಹೂತಿತ್ತು). ಗಾಳಿ ಬರುತ್ತದೆಂದು ನಾಲ್ಕು ಜನರಿಂದ ಟೇಬಲು ಎತ್ತಿಸಿ ಆಚೆ ಇಡಿಸಿದರು. ಅಲ್ಲಿ ಗಾಳಿ ಇಲ್ಲವೆಂದು ಮೊದಲಿನ ಜಾಗಕ್ಕೇ ತರಿಸಿದರು. ಇಷ್ಟೆಲ್ಲ ಆಗುವಾಗ ಅವರು ಕುರ್ಚಿಯಿಂದ ಏಳಲಿಲ್ಲ. ಕುರ್ಚಿಯನ್ನೂ ಅವರ ಸಮೇತ ಎತ್ತಬೇಕಾಯಿತು.

ಅಂಜಲ್ ಮೀನಿನ ಫ್ರೈ ಬಂತು. ಶೆಟ್ಟರು ಕಣ್ಣು ಸಣ್ಣ ಮಾಡಿದರು. “ತಾಜಾ ಹೈ ನಾ?”

“ಏಕ್‌ದಮ್ ತಾಜಾ ಸರ್, ಆಜ್ ಸುಬಹ್ ಕಾ ಹೈ,” ಎಂದ ವೇಟರು.

“ಸುಬಹ್ ಕಾ? ಅಬ್ ಶಾಮ್ ಹೋ ಗಯಾ! ಬಾಸೀ ಖಿಲಾತಾ ಹೈ? ಮ್ಯಾನೇಜರ್ ಕೋ ಬುಲಾವ್!” ಬೆಳಗಿನ ಮೀನು ಸಂಜೆಗೆ ಹಳಸಲು ಎಂಬುದು ಅವರ ತಕರಾರು.

ವೇಟರನ ಮುಖ ಸಣ್ಣದಾದದ್ದು ನೋಡಿ ಜಯಲತಾಳ ನಗು ಆರಿತು. ಇಂಥ ಮುಖವನ್ನು ಅವಳು ರಾತ್ರಿ ಮನೆಗೆ ಬರುವ ಗಂಡನ ಮೇಲೆ ಎಷ್ಟೋ ಸಲ ನೋಡಿದ್ದಳು.

“ಸಾಕು ಮಾರಾಯ್ರೆ, ಪಾಪ ಅವರು,” ಎಂದು ಪಿಸುಗುಟ್ಟಿದಳು.

“ಗಿರಾಕಿ ಆಗಿ ಅಂತ ಹೇಳಿದ್ದು ನೀನೇ ಅಲ್ವಾ? ಇದು ಮೂಲೆ ಟೇಬಲಿನ ಪಾಟೀಲ್ ಸಾಹೇಬ್ರು. ಇನ್ನು ಚಟ್ನಿಯವರು ಬಾಕಿ ಇದ್ದಾರೆ,” ಎಂದು ಶೆಟ್ಟರು ಗ್ಲಾಸು ಬಡಿದು ಹಸಿರು ಚಟ್ನಿ ಎಕ್ಸ್‌ಟ್ರಾ ಕೇಳಿದರು. ಚಟ್ನಿ ಬಂತು, ಮತ್ತೆ ಕೇಳಿದರು. ಆಮೇಲೆ ಎಷ್ಟು ಬಡಿದರೂ ಯಾರೂ ಬರಲಿಲ್ಲ.

ಜಯಲತಾ ಎದ್ದಳು. “ಒಂದು ನಿಮಿಷ, ಅವರಿಗೊಂದು ಮಾತು ಹೇಳಿ ಬರ್ತೇನೆ.”

ಅಡುಗೆಮನೆಯ ಬಾಗಿಲಲ್ಲಿ ಹಣಮಂತ್ರಾಯ ಟೈ ಸಡಿಲಿಸಿ ನಿಂತಿದ್ದ. ಅವಳು ಕೈಮುಗಿದಳು. “ಬೇಜಾರು ಮಾಡ್ಬೇಡಿ. ಅವರು ನಿಜವಾಗಿ ಹಾಗಲ್ಲ. ದೇವರಂಥವರು.”

“ಇರಬೌದ್ರಿ ಅಕ್ಕಾರ. ಆದ್ರ ನಮ್ಮ ಹುಡುಗ್ರು ಆ ಗಿಳಿ ಅಂಗಿ ಟೇಬಲ್ಲಿಗೆ ಇನ್ನ ಹೋಗಂಗಿಲ್ಲ ಅಂತ ಕುಂತಾರ್ರಿ. ಮಧ್ಯಾಹ್ನ ನೋಡಿದ್ರ ಜಗ್ ಹಿಡಕೊಂಡು ಓಡಾಡ್ತಿದ್ರು, ಈಗ ನೋಡಿದ್ರ ಹಿಂಗ. ಎರಡೂ ಒಬ್ಬರಽ ಏನ್ರಿ?” ಅವನು ಚಟ್ನಿಯ ಬಟ್ಟಲನ್ನು ಅವಳತ್ತ ಸರಿಸಿದ. “ಇದೊಂದು ನೀವಽ ಒಯ್ದು ಕೊಟ್ರ ಪುಣ್ಯ ಬರ್ತದ್ರಿ.”

ಒಂದು ಚಟ್ನಿ ತಾನೇ ಎಂದು ಒಯ್ದಳು. ಶೆಟ್ಟರು ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ಈಗ ಅವರು ಜೋಶಿ ಕಾಕಾ ಆಗಿರಲಿಲ್ಲ, ಪಾಟೀಲರೂ ಆಗಿರಲಿಲ್ಲ. ಬೆನ್ನು ಕುರ್ಚಿಗೆ ಒರಗಿತ್ತು, ಕಾಲು ಮರಳಿನಲ್ಲಿ ಚಾಚಿತ್ತು. ಮುಖದಲ್ಲಿ ಅವಳು ಎಂದೂ ಕಾಣದ ಒಂದು ಬೆರಗು.

“ಲತಾ, ಹೀಗೆ ಕೂತ್ರೆ ಎಂತೆಂತದ್ದೋ ನೆನಪು ಬರ್ತದೆ ಅಲ್ವಾ? ನಾನು ನಿನ್ನನ್ನು ನೋಡ್ಲಿಕ್ಕೆ ನಿಮ್ಮ ಮನೆಗೆ ಬಂದ ದಿನ ಎಂತಾಯ್ತು ಗೊತ್ತುಂಟಾ?”

ಇದು! ಇದಕ್ಕೇ ಅವಳು ಇಷ್ಟು ವರ್ಷ ಕಾದದ್ದು. “ಎಂತಾಯ್ತು?” ಎನ್ನುತ್ತ ಕುರ್ಚಿ ಎಳೆದಳು.

“ನಂಗೆ ನಿಜವಾಗಿ ಮದುವೆ ಮನಸ್ಸೇ ಇರ್ಲಿಲ್ಲ. ನಮ್ಮ ಮಾವ ಒತ್ತಾಯ ಮಾಡಿ ಕರ್ಕೊಂಡು ಬಂದದ್ದು. ಅಂಗಳದಲ್ಲಿ ಚಪ್ಪಲಿ ಬಿಡುವಾಗ… ಒಂದು ಲಿಂಬೆ ಇದ್ರೆ ಮೀನಿಗೆ ಲಾಯ್ಕಾಗ್ತಿತ್ತು, ಅಲ್ವಾ?”

ಅವಳು ಓಡಿದಳು. ಲಿಂಬೆ ತಂದಳು. ಅಷ್ಟರಲ್ಲಿ ಕಥೆ ಅಂಗಳ ದಾಟಿ ಚಾವಡಿಗೆ ಬಂದಿತ್ತು. ಶೆಟ್ಟರು ಅವಳಿಗಾಗಿ ಕಾಯಲಿಲ್ಲ. ಇಷ್ಟು ವರ್ಷ ಕಟ್ಟಿಹಾಕಿದ್ದ ಮಾತು ಅದರಷ್ಟಕ್ಕೆ ಹರಿಯುತ್ತಿತ್ತು, ಎದುರಿನ ಕುರ್ಚಿಯಲ್ಲಿ ಯಾರಿದ್ದರೇನು, ಇಲ್ಲದಿದ್ದರೇನು. “…ನಿನ್ನ ಅಪ್ಪ ನನ್ನ ಹತ್ರ ಮುಂಬಯಿಯಲ್ಲಿ ನೀರಿನ ಸೌಕರ್ಯ ಉಂಟಾ ಅಂತ ಕೇಳಿದ್ರು. ಆಗ ನೀನು ಒಳಗಿಂದ… ಅನ್ನ ತಣಿದು ಹೋಯ್ತಲ್ಲ ಮಾರಾಯ್ತಿ ಇದು?”

ಬಿಸಿ ಅನ್ನಕ್ಕೆ ಓಡಿದಳು. ಹಿಂದೆ ಬರುವಾಗ “…ಹಾಗೆ ಬಾಗಿಲ ಹತ್ರ ನಿಂತಿದ್ದಿ ನೋಡು,” ಎಂಬುದು ಮಾತ್ರ ಸಿಕ್ಕಿತು. ಹೇಗೆ ನಿಂತಿದ್ದೆ? ಕೇಳುವಷ್ಟರಲ್ಲಿ ಉಪ್ಪಿನಕಾಯಿ ಬೇಕಾಯಿತು. ಉಪ್ಪಿನಕಾಯಿ ತರುವ ದಾರಿಯಲ್ಲಿ ಪಕ್ಕದ ಟೇಬಲಿನವರು, “ಸಿಸ್ಟರ್, ಇಧರ್ ಭೀ ಥೋಡಾ,” ಎಂದರು. ಅವಳು ಅವರಿಗೂ ಬಡಿಸಿಬಿಟ್ಟಳು. ಬಡಿಸಿದ ಮೇಲೆ ಗೊತ್ತಾಯಿತು, ಬಡಿಸಿದೆನೆಂದು.

ಕೊನೆಗೆ ಕ್ಯಾರಮೆಲ್ ಕಸ್ಟರ್ಡಿಗಾಗಿ ಅಡುಗೆಮನೆಯಲ್ಲಿ ಕಾಯುವಾಗ ಅವಳ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಹಣೆಯಲ್ಲಿ ಬೆವರಿತ್ತು, ಹೊಟ್ಟೆಯಲ್ಲಿ ಎರಡು ಚಮಚ ಸೂಪಿನ ಹೊರತು ಬೇರೇನೂ ಇರಲಿಲ್ಲ. ಅವಳು ಒಂದೇ ಕೈಯಲ್ಲಿ ನಾಲ್ಕು ತಟ್ಟೆ ಹಿಡಿದದ್ದು ನೋಡಿ ಹಣಮಂತ್ರಾಯ ಮೆಚ್ಚಿಗೆಯಿಂದ ತಲೆದೂಗಿದ.

“ಹೋಟೆಲ್ ಲೈನಿಗೆ ಬಂದು ಎಷ್ಟ ವರ್ಷ ಆತ್ರಿ ಅಕ್ಕಾರ?”

“ಇವತ್ತು ಸಂಜೆ ಸೇರಿದ್ದು,” ಎಂದಳು ಜಯಲತಾ.

ಕಸ್ಟರ್ಡು ಹಿಡಿದು ಮರಳಿನ ಮೇಲೆ ನಡೆಯುವಾಗ ಅವಳು ನಿರ್ಧಾರ ಮಾಡಿದಳು. ಇನ್ನು ಆಕಾಶ ಕಳಚಿ ಬಿದ್ದರೂ ಏಳುವುದಿಲ್ಲ. ಕುಂಕುಮದ ಬಣ್ಣ ಹೋಗಿ ಸಮುದ್ರ ಕಪ್ಪಾಗಿತ್ತು. ಅಲೆಯ ತುದಿಗಳು ಮಾತ್ರ ಬೆಳ್ಳಗೆ ಬಂದು ಬಂದು ಮಲಗುತ್ತಿದ್ದವು. ಶೆಟ್ಟರು ಕಸ್ಟರ್ಡನ್ನು ಒಂದೊಂದೇ ಚಮಚ, ಕಣ್ಣು ಮುಚ್ಚಿ ತಿಂದರು. ಅವಳು ಕುರ್ಚಿಯ ಎರಡೂ ಬದಿ ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

“ಎಂಥ ಸುಖ ಲತಾ!” ಎಂದರು ಶೆಟ್ಟರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. “ಊಟ ಅಂದ್ರೆ ಹೀಗಿರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಈ ಗಾಳಿ, ಈ ನೀರು… ಆ ದಿನ ನಿಮ್ಮ ಮನೆಯಲ್ಲಿ ನಾನು ಹೂಂ ಅಂದದ್ದು ಯಾಕೆ ಅಂತ ಇಷ್ಟು ವರ್ಷ ನಿಂಗೆ ಹೇಳ್ಲೇ ಇಲ್ಲ. ಇವತ್ತು ಹೇಳಿದೆ. ಮನಸ್ಸು ಹಗುರ ಆಯ್ತು.”

ಜಯಲತಾ ಮುಂದಕ್ಕೆ ಬಗ್ಗಿದಳು. “ಯಾವಾಗ ಹೇಳಿದ್ರಿ? ನಾನು ಕೇಳ್ಲಿಲ್ಲ! ಯಾಕೆ ಹೂಂ ಅಂದದ್ದು?”

“ಹೇಳಿದ್ನಲ್ಲ, ಈಗಷ್ಟೇ. ಎಷ್ಟು ಚಂದ ಮಾಡಿ ಹೇಳಿದೆ.”

“ನಾನು ಕಸ್ಟರ್ಡು ತರ್ಲಿಕ್ಕೆ ಹೋಗಿದ್ದೆ! ನೀವೇ ಕಳಿಸಿದ್ದು! ಇನ್ನೊಮ್ಮೆ ಹೇಳಿ.”

ಶೆಟ್ಟರು ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಸೊಂಟದ ಸೆರಗು, ಬೆವರು, ಮೊಣಕೈಗೆ ಹತ್ತಿದ ಹಸಿರು ಚಟ್ನಿ. ಅವರ ಮುಖದಲ್ಲಿ ದೊಡ್ಡ ಕನಿಕರ ಮೂಡಿತು.

“ಅದನ್ನೆಲ್ಲ ಎರಡೆರಡು ಸಲ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ಊಟದ ಹೊತ್ತಿಗೆ ಜಾಗ ಬಿಟ್ಟು ಹಾಗೆ ಓಡಾಡಿದ್ರೆ ಮನೆಯವರು ಮಾತಾಡುದಾದ್ರೂ ಯಾರ ಹತ್ರ? ಒಂದು ಊಟ, ಒಂದೇ ಒಂದು ಊಟ, ಸುರುವಿಂದ ಅಖೇರಿ ತನಕ ನನ್ನ ಎದುರು ಕೂತು ಮಾಡ್ಲಿಕ್ಕೆ ನಿಂಗೆ ಯಾಕೆ ಆಗುದಿಲ್ಲ?”

ಎಂದು, ಊಟ ಮುಗಿಸಿದ ಪೂರ್ಣ ತೃಪ್ತಿಯಿಂದ ಒಂದು ತೇಗು ಬಿಟ್ಟು, ಕುರ್ಚಿ ಹಿಂದೆ ಸರಿಸಿ ಶೆಟ್ಟರು ಎದ್ದರು.